ಕೊನೆಯ ಪುಟ ಯಾವಾಗ ನೋಡಬೇಕು, ಯಾವಾಗ ನೋಡಬಾರದು

ಹೋದ ಮಳೆಗಾಲದಲ್ಲಿ ನಮ್ಮ ರಾಜು ಹೋದ. 13 ವರ್ಷ ಮನೆಯಲ್ಲಿದ್ದ ನಾಯಿ. ಆಮೇಲೆ ಎರಡು ತಿಂಗಳು ಯಾವ ಗಟ್ಟಿ ಪುಸ್ತಕವೂ ತಲೆಗೆ ಹತ್ತಲಿಲ್ಲ. ಹಗುರದ ಪತ್ತೇದಾರಿ ಹಿಡಿದು, ನಿಧಾನಕ್ಕೆ ನಾಯಿ ಕತೆಗಳಿಗೆ ಬಂದೆ. ನಿಮಗೂ ಅಂಥ ಕಾಲ ಬಂದರೆ ಹೀಗೆ ಮಾಡಿ ನೋಡಿ.

ಮೊದಲು ಕೋಝಿ ಮಿಸ್ಟರಿ. ಕೊಲೆ ಆಗುತ್ತದೆ, ಆದರೆ ರಕ್ತ ಚೆಲ್ಲಾಡುವುದಿಲ್ಲ. ಪತ್ತೆ ಮಾಡುವುದು ಊರ ಸುದ್ದಿಯೆಲ್ಲ ಗೊತ್ತಿರುವ ಯಾರೋ ಒಬ್ಬರು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಅಂಥವಳು. ಅವಳಿರುವ ಮೊದಲ ಕಾದಂಬರಿ ಬಂದಿದ್ದು 1930ರಲ್ಲಿ. ಕೈಯಲ್ಲಿ ಹೆಣಿಗೆ, ಕಿವಿ ಮಾತ್ರ ಪಕ್ಕದ ಮನೆ ಕಡೆ. ನಮ್ಮ ಬೀದಿಯಲ್ಲೂ ಇಬ್ಬರಿದ್ದಾರೆ.

ಇಂಗ್ಲಿಷ್ ಹೆಸರುಗಳು ಕಲಸಿಹೋಗುತ್ತವೆ, ಅಲ್ವಾ? ಹಳೇ ಕರೆಂಟ್ ಬಿಲ್ಲಿನ ಹಿಂದೆ ಯಾರು ಯಾರಿಗೆ ಏನಾಗಬೇಕು ಅಂತ ಬರೆದು, ಅದನ್ನೇ ಪುಟದ ಗುರುತಿಗೆ ಇಡಿ. ಕೊನೆಯ ಪುಟ ಮಾತ್ರ ತೆರೆಯಬೇಡಿ. ಲೈಬ್ರರಿ ಪುಸ್ತಕವಾದರೆ ಅಂಚಿನ ಬರಹವನ್ನೂ ನಂಬಬೇಡಿ. ಒಂದರಲ್ಲಿ ಯಾರೋ ಪುಣ್ಯಾತ್ಮರು 40ನೇ ಪುಟದಲ್ಲೇ ಪೆನ್ಸಿಲಿನಿಂದ ‘ಇವನೇ’ ಅಂತ ಬರೆದಿದ್ದರು. ಅವನ ಮೇಲೇ ಕಣ್ಣಿಟ್ಟು ಇಡೀ ಪುಸ್ತಕ ಓದಿದೆ. ಅವನಲ್ಲ!

ಆಮೇಲೆ ಕ್ರಿಸ್ಟಿಯದೇ ‘ಡಂಬ್ ವಿಟ್ನೆಸ್’, 1937ರದ್ದು. ವಯಸ್ಸಾದ ಹೆಂಗಸೊಬ್ಬಳು ಮೆಟ್ಟಿಲಿಂದ ಬೀಳುತ್ತಾಳೆ. ತಪ್ಪೆಲ್ಲ ನಾಯಿ ಬಾಬ್‌ನ ಚೆಂಡಿನ ಮೇಲೆ. ಈ ಪುಸ್ತಕವನ್ನು ಕ್ರಿಸ್ಟಿ ಅರ್ಪಿಸಿದ್ದು ತನ್ನ ನಾಯಿ ಪೀಟರ್‌ಗೆ. ಆ ಪುಟವನ್ನು ಎರಡು ಸಲ ಓದಿದೆ.

ನಾಯಿ ಕತೆಗೆ ಬಂದಾಗ ಲೆಕ್ಕ ಉಲ್ಟಾ. ಕೊನೆಯ ಪುಟವನ್ನೇ ಮೊದಲು ನೋಡಿ. ನಾಯಿ ಬದುಕಿದೆಯಾ? ಹಾಗಾದರೆ ಶುರು ಮಾಡಿ. ಇದೂ ಪೂರ್ತಿ ನಂಬಿಕೆಯದ್ದಲ್ಲ. ಜಾಕ್ ಲಂಡನ್ನನ ‘ದಿ ಕಾಲ್ ಆಫ್ ದಿ ವೈಲ್ಡ್’ನಲ್ಲಿ ಬಕ್ ಉಳಿಯುತ್ತದೆ, ಆದರೆ ಜೊತೆಗೆ ಹಿಮದ ಬಂಡಿ ಎಳೆಯುವ ನಾಯಿ ಡೇವ್‌ನ ಪುಟಗಳನ್ನು ರಾತ್ರಿ ಹೊತ್ತು ಓದಬೇಡಿ.

ಅದಕ್ಕೇ ಮೊದಲು ಜೇಮ್ಸ್ ಹೆರಿಯಟ್. ಇಂಗ್ಲೆಂಡಿನ ಯಾರ್ಕ್‌ಶೈರಿನ ದನದ ಡಾಕ್ಟರು, ತಮ್ಮ ಅನುಭವವನ್ನೇ ಕತೆ ಮಾಡಿದವರು. ಶ್ರೀಮಂತೆಯೊಬ್ಬಳು ಟ್ರಿಕಿ ವೂ ಎಂಬ ಪುಟ್ಟ ನಾಯಿಗೆ ಕೇಕು ತಿನ್ನಿಸಿ ತಿನ್ನಿಸಿ ಏಳಲಾರದ ಹಾಗೆ ಮಾಡಿರುತ್ತಾಳೆ. ಡಾಕ್ಟರು ಅದನ್ನು ಕರೆತಂದು ಮದ್ದೇ ಕೊಡುವುದಿಲ್ಲ. ಎರಡು ದಿನ ಬರೀ ನೀರು, ಆಮೇಲೆ ಬೇರೆ ನಾಯಿಗಳ ಜೊತೆ ಓಟ. ನಾಯಿ ಹುಷಾರು! ನಾಯಿಗೆಂದು ಅವಳು ಕಳಿಸಿದ ಮೊಟ್ಟೆ, ವೈನು, ಬ್ರಾಂದಿ ಅಷ್ಟರಲ್ಲಿ ಡಾಕ್ಟರುಗಳ ಹೊಟ್ಟೆ ಸೇರಿರುತ್ತವೆ. ಎರಡು ತಿಂಗಳಲ್ಲಿ ನಾನು ಜೋರಾಗಿ ನಕ್ಕಿದ್ದು ಅಲ್ಲೇ.

ತೇಜಸ್ವಿಯವರ ‘ಕರ್ವಾಲೊ’ವನ್ನು ಕಡೆಗೆ ಇಟ್ಟುಕೊಳ್ಳಿ. ಹಾರುವ ಓತಿ ಹುಡುಕುತ್ತಾ ಹೊರಟವರ ಜೊತೆ ಕಾಡು ನುಗ್ಗುವ ‘ಕಿವಿ’ ಎಂಬ ನಾಯಿ ಇದೆಯಲ್ಲ, ಅದು ತೀರಾ ನಮ್ಮನೆ ನಾಯಿ. ಹಿಂದೆ ಮೂರು ಸಲ ಓದಿದ್ದೆ. ಈಗ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ, ಇನ್ನೂ ತೆರೆದಿಲ್ಲ.