ಚರ್ಚ್ ಅಂಗಳದ ಕಾಡುಗಿಡ, ಹುಳಗಳನ್ನ ಗುರುತು ಹಿಡಿಯೋದು ಹೇಗೆ

ಬ್ರಿಟನ್ನಲ್ಲಿ ಇದ್ರೆ ಮೇ ಕೊನೆ, ಜೂನ್ ಶುರುವಲ್ಲಿ ಬಿಸಿಲು ಬಂದ ದಿನ ಹತ್ರದ ಹಳೇ ಚರ್ಚ್ ಅಂಗಳಕ್ಕೆ ಹೋಗಿ ನೋಡಿ. ಸುತ್ತಲಿನ ಹೊಲ ಎಲ್ಲಾ ಉತ್ತು ಗೊಬ್ಬರ ಹಾಕಿ ಬದಲಾಗಿದ್ರೂ ಸಮಾಧಿ ಇರೋ ನೆಲನ ಸಾಮಾನ್ಯವಾಗಿ ಯಾರೂ ಉತ್ತಿರಲ್ಲ, ಅದಕ್ಕೇ ಹಳೇ ಹುಲ್ಲುಗಾವಲಿನ ಗಿಡಗಳು ಅಲ್ಲಿ ಇನ್ನೂ ಉಳ್ಕೊಂಡಿರ್ತವೆ.

ಹೂವಿನ ಫೋಟೋ ಒಂದೇ ಸಾಲಲ್ಲ. ಎಲೆ, ಕಾಂಡ, ಎಲೆ ಕಾಂಡಕ್ಕೆ ಸೇರೋ ಜಾಗ, ಮೂರನ್ನೂ ತೆಗೀರಿ. ಇದು ಯಾಕೆ ಮುಖ್ಯ ಅಂದ್ರೆ ಛತ್ರಿ ತರ ಬಿಳಿ ಹೂಗೊಂಚಲು ಬಿಡೋ ಕೌ ಪಾರ್ಸ್ಲಿ ಎಲ್ಲಾ ಕಡೆ ಇರುತ್ತೆ, ಅದೇ ತರ ಕಾಣೋ ಹೆಮ್‌ಲಾಕ್ ಮಾತ್ರ ಕಡು ವಿಷ, ಅದರ ಕಾಂಡ ರೋಮ ಇಲ್ದೆ ನುಣ್ಣಗಿರುತ್ತೆ, ನೇರಳೆ ಮಚ್ಚೆ ಇರ್ತವೆ. ಡೌಟ್ ಇದ್ರೆ ಮುಟ್ಟಲೇಬೇಡಿ.

ಹುಳ ನೋಡೋಕೆ ಓಡಾಡೋದಕ್ಕಿಂತ ಒಂದು ಹೂವಿನ ಹತ್ರ ಸುಮ್ನೆ ಕೂತ್ಕೊಳ್ಳೋದೇ ಒಳ್ಳೇದು. ಆಕ್ಸ್‌ಐ ಡೈಸಿ (ಬಿಳಿ ಎಸಳು, ಹಳದಿ ನಡು ಇರೋ ಹೂ) ಮೇಲೆ ಮಿರಮಿರ ಹೊಳೆಯೋ ಹಸಿರು ಜೀರುಂಡೆ, ಹಿಂಗಾಲಿನ ತೊಡೆ ಊದ್ಕೊಂಡಂಗಿದ್ರೆ ಅದು ಥಿಕ್-ಲೆಗ್ಡ್ ಫ್ಲವರ್ ಬೀಟಲ್ ಗಂಡು, ಹೆಣ್ಣಿಗೆ ಆ ತೊಡೆ ಇರಲ್ಲ. ಜೇನುಹುಳ ತರ ಹಳದಿ-ಕಪ್ಪು ಪಟ್ಟೆ ಇದ್ದು ಗಾಳೀಲಿ ಒಂದೇ ಕಡೆ ನಿಂತಂಗೆ ಹಾರ್ತಿದ್ರೆ ಅದು ಬಹುಶಃ ಹೋವರ್‌ಫ್ಲೈ, ಅಂದ್ರೆ ನೊಣದ ಜಾತಿ. ನೊಣಕ್ಕೆ ಎರಡೇ ರೆಕ್ಕೆ, ಜೇನುಹುಳಕ್ಕೆ ನಾಲ್ಕು, ಆದ್ರೆ ಎಣಿಸೋದು ಕಷ್ಟ ಯಾಕಂದ್ರೆ ಜೇನುಹುಳದ ಎರಡೆರಡು ರೆಕ್ಕೆ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರ್ತವೆ, ಅದಕ್ಕೆ ಮೀಸೆ ನೋಡಿ, ಹೋವರ್‌ಫ್ಲೈಗೆ ಸಾಮಾನ್ಯವಾಗಿ ಚೋಟುದ್ದ ಮೀಸೆ, ಮುಖದ ತುಂಬ ಕಣ್ಣು.

ಗಿಡ ಗೊತ್ತಾದ್ರೆ ಅರ್ಧ ಹುಳ ಗೊತ್ತಾದಂಗೆ. ನೆಲಕ್ಕೆ ಹತ್ರ ಹಳದಿ ಹೂ ಬಿಡೋ ಬರ್ಡ್ಸ್-ಫುಟ್ ಟ್ರೆಫಾಯಿಲ್ ಸಿಕ್ರೆ ಅಲ್ಲೇ ಕಾಯಿರಿ, ಕಾಮನ್ ಬ್ಲೂ ಚಿಟ್ಟೆ, ಕಪ್ಪು ರೆಕ್ಕೆ ಮೇಲೆ ಕೆಂಪು ಚುಕ್ಕೆ ಇರೋ ಸಿಕ್ಸ್-ಸ್ಪಾಟ್ ಬರ್ನೆಟ್ ಪತಂಗ, ಎರಡರ ಮರಿಹುಳಾನೂ ತಿನ್ನೋದು ಇದನ್ನೇ. ಕಾಂಡದ ಮೇಲೆ ಉಗುಳಿನಂಥ ನೊರೆ ಕಂಡ್ರೆ ಒಳಗೆ ಫ್ರಾಗ್‌ಹಾಪರ್ ಅನ್ನೋ ನೆಗೆಯೋ ಪುಟ್ಟ ಹುಳದ ಮರಿ ಇರುತ್ತೆ.

ಸಮಾಧಿ ಕಲ್ಲಿನ ಕಲ್ಲುಹೂ ಕೆರೀಬೇಡಿ, ತುಂಬಾ ನಿಧಾನ ಬೆಳೆಯುತ್ತೆ. ಹೊಸ ಸಮಾಧಿ ಹತ್ರ ಜನ ಇದ್ರೆ ದೂರ ಇರಿ.

ಫೋಟೋಗಳನ್ನ ಐನ್ಯಾಚುರಲಿಸ್ಟ್‌ಗೆ (ಗಿಡ, ಹುಳಗಳ ಫೋಟೋ ಹಾಕಿದ್ರೆ ಗುರುತು ಹಿಡಿಯೋಕೆ ಸಹಾಯ ಮಾಡೋ ಆ್ಯಪ್) ಹಾಕಿ, ಎಷ್ಟೋ ನೊಣಗಳು ಫೋಟೋದಲ್ಲಿ ಜಾತಿವರೆಗೆ ಗೊತ್ತಾಗಲ್ಲ, ಅಂಥದ್ದಕ್ಕೆ ಬರೀ ಗುಂಪಿನ ಹೆಸರು ಸಾಕು. ಆಮೇಲೆ ಆ ಪಟ್ಟಿನ ಚರ್ಚ್‌ನೋರಿಗೆ ತೋರ್ಸಿ, ಹೂ ಜಾಸ್ತಿ ಇರೋ ಜಾಗದಲ್ಲಿ ಬೀಜ ಉದುರೋವರೆಗೂ ಹುಲ್ಲು ಕತ್ತರಿಸ್ಬೇಡಿ, ಕತ್ತರಿಸಿದ್ದನ್ನ ಅಲ್ಲೇ ಬಿಡ್ಬೇಡಿ ಅಂತ ಕೇಳ್ಕೊಳ್ಳಿ, ಅದು ಕೊಳೆತು ಗೊಬ್ಬರ ಆದ್ರೆ ಒರಟು ಹುಲ್ಲೇ ಬೆಳೆದು ಹೂಗಿಡಗಳನ್ನ ಮುಚ್ಚಿಬಿಡುತ್ತೆ.