ಅಂತ್ಯಕ್ರಿಯೆ ವ್ಯವಹಾರಕ್ಕೆ ದಹನವನ್ನೂ ಸೇರಿಸುವುದಾದರೆ, ಬಿಲ್ಲೆಯಿಂದ ಶುರು ಮಾಡಿ

"ಇದು ಅಪ್ಪಂದೇ ಅಂತ ಹೇಗೆ ಗೊತ್ತು?"

ಅಸ್ಥಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ನನ್ನನ್ನು ಹೀಗೆ ಕೇಳಿದರು. ಜಗಳಕ್ಕಲ್ಲ, ಸುಮ್ನೆ ಕೇಳಿದರು. ಆಗ ನಾವು ದಹನವನ್ನು ಹೊರಗಿನವರಿಗೆ ಒಪ್ಪಿಸುತ್ತಿದ್ದೆವು. ದೇಹ ಹೋಗುತ್ತಿತ್ತು, ಡಬ್ಬಿ ಬರುತ್ತಿತ್ತು. ನಡುವೆ ಏನಾಗುತ್ತದೆ ಅಂತ ನಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ. "ಅವರದೇ ಅಮ್ಮಾ, ಅನುಮಾನ ಬೇಡ" ಅಂದೆ. ಅವರು ನಂಬಿದರು. ನನಗೇ ನಂಬಿಕೆ ಬರಲಿಲ್ಲ.

ಮುಂದಿನ ವಾರ ಹೇಳದೆ ಕೇಳದೆ ಆ ಚಿತಾಗಾರಕ್ಕೆ ಹೋದೆ. ಬೆಂಚಿನ ಮೇಲೆ ಮೂರು ತಟ್ಟೆಗಳಲ್ಲಿ ಅಸ್ಥಿ ಆರುತ್ತಿತ್ತು. ಎರಡು ತಟ್ಟೆಯ ಪಕ್ಕ ಹೆಸರು ಬರೆದ ಚೀಟಿ ಇತ್ತು. ಮೂರನೆಯ ಚೀಟಿ ಗಾಳಿಗೆ ಹಾರಿ ಬೆಂಚಿನ ಕೆಳಗೆ ಬಿದ್ದಿತ್ತು. ಅಲ್ಲಿದ್ದ ಹುಡುಗ ಅದನ್ನು ಎತ್ತಿ, ಧೂಳು ಕೊಡವಿ, ಮೂರನೆಯ ತಟ್ಟೆಯ ಪಕ್ಕ ಇಟ್ಟ. "ಇದರದ್ದೇ ಸಾರ್" ಅಂದ. ನಿಜವೇ ಇರಬಹುದು. ಆದರೆ ನಾನು ಸ್ವಂತ ಕುಲುಮೆ ಹಾಕಿಸಬೇಕು ಅಂತ ತೀರ್ಮಾನಿಸಿದ್ದು ಆ ಹಾರಿದ ಚೀಟಿ ನೋಡಿ, ಲಾಭದ ಲೆಕ್ಕ ನೋಡಿ ಅಲ್ಲ.

ಈಗಾಗಲೇ ಅಂತ್ಯಕ್ರಿಯೆ ಸೇವೆ ನಡೆಸುತ್ತಾ, ದಹನವನ್ನೂ ಸೇರಿಸಿಕೊಳ್ಳೋಣ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಯಂತ್ರ ಮಾರುವವರು ಹೇಳದ ಮಾತುಗಳೇ ಇಲ್ಲಿ ಜಾಸ್ತಿ.

ಮೊದಲು ಒಂದು ವರ್ಷ ಹೊರಗೇ ಮಾಡಿಸಿ

ಹೊರಗೆ ಒಪ್ಪಿಸಿದ್ದು ತಪ್ಪಲ್ಲ, ನೋಡದೆ ಒಪ್ಪಿಸಿದ್ದು ತಪ್ಪು. 2002ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಚಿತಾಗಾರದ ಆವರಣದಲ್ಲಿ ಸುಡದೇ ಬಿಟ್ಟ 334 ದೇಹಗಳು ಸಿಕ್ಕವು. ಎಷ್ಟೋ ಮನೆಯವರಿಗೆ ಅಸ್ಥಿ ಅಂತ ಸಿಮೆಂಟ್ ಪುಡಿ ಕೊಟ್ಟಿದ್ದರು. ಆ ಚಿತಾಗಾರವನ್ನು ನಂಬಿ ದೇಹ ಕಳಿಸಿದ ಅಂತ್ಯಕ್ರಿಯೆ ಸಂಸ್ಥೆಗಳೂ ಕೋರ್ಟಿಗೆ ಹೋಗಿ ಪರಿಹಾರ ಕಟ್ಟಬೇಕಾಯಿತು. ಮನೆಯವರು ಸಹಿ ಹಾಕಿದ್ದು ಆ ಸಂಸ್ಥೆಗಳ ಕಾಗದದ ಮೇಲೆ ಅಲ್ವಾ?

ಹಾಗಾಗಿ ಯಾರ ಹತ್ತಿರ ಮಾಡಿಸುತ್ತೀರೋ ಅವರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಯಾವಾಗ ಬೇಕಾದರೂ ಬಂದು ನೋಡುವ ಹಕ್ಕು ಅದರಲ್ಲಿ ಇರಲೇಬೇಕು. ತಿಂಗಳಿಗೊಮ್ಮೆ ಹೋಗಿ, ದಹನದ ಹೊತ್ತಿಗೆ ನಿಂತು ನೋಡಿ. ಈ ಕೆಲಸವನ್ನು ನಾನು ಕಲಿತದ್ದು ಹೀಗೇ.

ಆ ವರ್ಷ ಇನ್ನೊಂದು ಉಪಕಾರ ಮಾಡುತ್ತದೆ. ನಿಮಗೆ ನಿಜವಾಗಿ ತಿಂಗಳಿಗೆ ಎಷ್ಟು ದಹನ ಬರುತ್ತವೆ ಅನ್ನುವ ಲೆಕ್ಕ ಸಿಗುತ್ತದೆ. ಯಂತ್ರದ ಕಂತು, ಆಪರೇಟರ್ ಸಂಬಳ, ವಿಮೆ, ರಿಪೇರಿಗೆ ಎತ್ತಿಡುವ ಹಣ, ಇಷ್ಟನ್ನು ತಿಂಗಳ ಲೆಕ್ಕದಲ್ಲಿ ಕೂಡಿಸಿ. ಈಗ ಒಂದು ದಹನಕ್ಕೆ ಹೊರಗೆ ಕೊಡುತ್ತಿರುವ ಶುಲ್ಕದಲ್ಲಿ ಇಂಧನದ ಖರ್ಚು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆಗಿಂತ ನಿಮ್ಮ ತಿಂಗಳ ಲೆಕ್ಕ ಕಡಿಮೆ ಇದ್ದರೆ ಇನ್ನೊಂದು ವರ್ಷ ಹೊರಗೇ ಮಾಡಿಸಿ. ರಿಪೇರಿ ಹಣವನ್ನು ಮಾತ್ರ ಮರೆಯಬೇಡಿ. ಕುಲುಮೆಯ ಒಳಗಿನ ಫೈರ್‌ಬ್ರಿಕ್, ಅಂದರೆ ಉರಿ ತಡೆಯುವ ಇಟ್ಟಿಗೆ, ಒಂದು ದಿನ ಬಿರಿದೇ ಬಿರಿಯುತ್ತದೆ. ಅದರಲ್ಲೂ ದೇಹ ಮಲಗುವ ನೆಲ ಎಲ್ಲಕ್ಕಿಂತ ಮೊದಲು ಸವೆಯುತ್ತದೆ.

ಜಾಗ, ಯಂತ್ರ

ಲೈಸೆನ್ಸ್, ವಲಯದ ಅನುಮತಿ, ಹೊಗೆಯ ಅನುಮತಿ ಒಂದೊಂದು ಊರಲ್ಲಿ ಒಂದೊಂದು ರೀತಿ. ಅವು ಕೈಗೆ ಬರುವವರೆಗೆ ಯಂತ್ರಕ್ಕೆ ಮುಂಗಡ ಕೊಡಬೇಡಿ. ಅರ್ಜಿ ಹಾಕುವ ಮೊದಲು ಅಕ್ಕಪಕ್ಕದ ಮನೆಯವರ ಹತ್ತಿರ ನೀವೇ ಹೋಗಿ ಮಾತಾಡಿ. ಸುದ್ದಿ ಬೇರೆಯವರಿಂದ ಹೋದರೆ ಕೆಲಸ ಕೆಡುತ್ತದೆ.

ದೊಡ್ಡವರ ದೇಹಕ್ಕೆ ಬಳಸುವ ಕುಲುಮೆಯೇ 10 ಟನ್‌ಗಿಂತ ಜಾಸ್ತಿ ತೂಗಬಹುದು. ಹಳೆಯ ಶೆಡ್ಡಿನ ನೆಲ ಅದನ್ನು ತಡೆಯುತ್ತದಾ ಅಂತ ಎಂಜಿನಿಯರ್ ಕೈಲಿ ನೋಡಿಸಿ. ಗ್ಯಾಸ್ ಲೈನಿನ ಒತ್ತಡ, ಫ್ಯಾನಿಗೆ ಬೇಕಾದ ತ್ರೀ ಫೇಸ್ ಕರೆಂಟ್, ಚಿಮಣಿಯ ಎತ್ತರ, ಇವನ್ನೂ ಆಗಲೇ ನೋಡಿಸಿ.

ಯಂತ್ರದಲ್ಲಿ ಎರಡು ಕೋಣೆ ಇರುತ್ತವೆ. ಮೊದಲನೆಯದರಲ್ಲಿ ದೇಹ ಸುಡುತ್ತದೆ, ಸುಮಾರು 760ರಿಂದ 980 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರಡನೆಯದರಲ್ಲಿ ಹೊಗೆ ಸುಡುತ್ತದೆ. ಹಲವು ಕಡೆಯ ನಿಯಮದ ಪ್ರಕಾರ ಹೊಗೆ ಅಲ್ಲಿ 850 ಡಿಗ್ರಿಯಲ್ಲಿ 2 ಸೆಕೆಂಡ್ ನಿಲ್ಲಬೇಕು. ಕೊಳ್ಳುವಾಗ ಎಲ್ಲರೂ ಮೊದಲ ಕೋಣೆಯ ಬಗ್ಗೆ ಕೇಳುತ್ತಾರೆ. ನೀವು ಎರಡನೆಯದರ ಬಗ್ಗೆ ಕೇಳಿ. ಅದು ಚಿಕ್ಕದಾದರೆ ಚಿಮಣಿಯಿಂದ ಕಪ್ಪು ಹೊಗೆ ಬರುತ್ತದೆ. ಹಲ್ಲಿಗೆ ತುಂಬಿಸಿದ ಬೆಳ್ಳಿ ಬಣ್ಣದ ಅಮಾಲ್ಗಂನಲ್ಲಿ ಪಾದರಸ ಇರುತ್ತದೆ. ಅದು ಈ ಕೋಣೆಯಲ್ಲೂ ಸುಟ್ಟುಹೋಗುವುದಿಲ್ಲ, ಆವಿಯಾಗಿ ಹೊರಗೆ ಹೋಗುತ್ತದೆ. ಅದನ್ನು ಹಿಡಿಯಲು ಬೇರೆಯೇ ಫಿಲ್ಟರ್ ಬೇಕು. ನಿಮ್ಮಲ್ಲಿ ಈಗ ಅದು ಕಡ್ಡಾಯ ಇಲ್ಲದಿದ್ದರೂ, ನಾಳೆ ಜೋಡಿಸಲು ಚಿಮಣಿಯ ಹತ್ತಿರ ಜಾಗ ಬಿಟ್ಟಿರಿ.

ಇನ್ನು ಶೀತಲ ಕೋಣೆ, 2ರಿಂದ 4 ಡಿಗ್ರಿಯದ್ದು. ಇದು ಇಲ್ಲದೆ ಕುಲುಮೆ ಹಾಕಿಸಲೇಬೇಡಿ. ಕಾರಣವನ್ನು ಕೆಳಗೆ ಹೇಳುತ್ತೇನೆ.

ಬಿಲ್ಲೆ

ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ. ಒಂದು ತೂತು, ಒಂದು ನಂಬರ್. ನಂಬರ್ ಬರೆದದ್ದಲ್ಲ, ಒತ್ತಿ ಕೊರೆದದ್ದು. ನಮ್ಮ ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ.

ದೇಹ ನಮ್ಮ ಕೈಗೆ ಬಂದ ಜಾಗದಲ್ಲೇ, ಅಂದರೆ ಮನೆಯಲ್ಲೋ ಆಸ್ಪತ್ರೆಯಲ್ಲೋ, ಬಿಲ್ಲೆಯನ್ನು ಕಾಲಿಗೆ ಕಟ್ಟುತ್ತೇವೆ. ಮನೆಯವರಲ್ಲಿ ಒಬ್ಬರಿಗೆ ನಂಬರ್ ತೋರಿಸಿ, ಅವರ ಕಾಗದದಲ್ಲೂ ನಮ್ಮ ರಿಜಿಸ್ಟರಿನಲ್ಲೂ ಬರೆಯುತ್ತೇವೆ. ಆಮೇಲೆ ದೇಹ ಎಲ್ಲಿ ಜಾಗ ಬದಲಿಸಿದರೂ ಇಬ್ಬರು ನಂಬರ್ ಓದಿ ಸಹಿ ಮಾಡಬೇಕು. ಗಾಡಿಯಿಂದ ಶೀತಲ ಕೋಣೆಗೆ, ಅಲ್ಲಿಂದ ಕುಲುಮೆಯ ಬಾಗಿಲಿಗೆ. ಒಬ್ಬರೇ ಇದ್ದರೆ ಇನ್ನೊಬ್ಬರು ಬರುವವರೆಗೆ ಕಾಯಬೇಕು. ನಮ್ಮ ಹಳೆಯ ಆಪರೇಟರ್ ಅಣ್ಣ ಮೊದಮೊದಲು ಗೊಣಗುತ್ತಿದ್ದರು, "ಒಳಗೆ ಇರೋದೇ ಒಂದು ದೇಹ, ಇನ್ಯಾರದ್ದಾಗುತ್ತೆ?" ಅಂತ. ಈಗ ಗೊಣಗುವುದಿಲ್ಲ. ಹೊಸಬರಿಗೆ ಅವರೇ ಬೈಯುತ್ತಾರೆ.

ಬಿಲ್ಲೆ ಕುಲುಮೆಯ ಒಳಕ್ಕೂ ಹೋಗುತ್ತದೆ. ಬಾಗಿಲಿನ ಹತ್ತಿರ, ನೆಲದ ಮೂಲೆಯಲ್ಲಿ ಇಡುತ್ತೇವೆ. ಉರಿಯಲ್ಲಿ ಕಪ್ಪಾಗುತ್ತದೆ, ಕರಗುವುದಿಲ್ಲ. ಅಸ್ಥಿಯನ್ನು ಎಳೆಯುವಾಗ ಕೋಲಿಗೆ ತಾಗಿ ಟಣ್ ಅನ್ನುತ್ತದೆ. ಅದನ್ನು ಇಕ್ಕಳದಲ್ಲಿ ಎತ್ತಿ, ತಂತಿಯ ಬ್ರಷ್‌ನಲ್ಲಿ ಉಜ್ಜಿ, ನಂಬರ್ ಓದಿ, ರಿಜಿಸ್ಟರಿಗೆ ತಾಳೆ ನೋಡುತ್ತೇವೆ. ಕೊನೆಗೆ ಅಸ್ಥಿಯ ಜೊತೆಗೇ ಡಬ್ಬಿಯೊಳಗೆ ಹಾಕಿ ಕೊಡುತ್ತೇವೆ. ಈಗ ಯಾರಾದರೂ ಆ ಹೆಣ್ಣುಮಗಳ ಪ್ರಶ್ನೆ ಕೇಳಿದರೆ ನಾನು ಖಂಡಿತ, ನಿಶ್ಚಿತ ಅಂತ ಏನೂ ಹೇಳುವುದಿಲ್ಲ. ಬಿಲ್ಲೆ ತೋರಿಸಿ, ನಿಮ್ಮ ಕಾಗದದ ನಂಬರಿಗೆ ಸರಿಹೋಗುತ್ತಾ ನೋಡಿ ಅನ್ನುತ್ತೇನೆ.

ಒಂದು ಮಾತನ್ನು ಮಾತ್ರ ಮುಚ್ಚಿಡಬೇಡಿ. ಇಟ್ಟಿಗೆಯ ಸಂದಿಯಲ್ಲಿ ಒಂದು ಚೂರು ಬೂದಿ ಉಳಿದೇ ಉಳಿಯುತ್ತದೆ. ಎಷ್ಟು ಗುಡಿಸಿದರೂ ಪೂರ್ತಿ ಬರುವುದಿಲ್ಲ. ಇದನ್ನು ಒಪ್ಪಿಗೆ ಪತ್ರದಲ್ಲೇ ಬರೆದು, ಸಹಿಗೆ ಮೊದಲು ಓದಿ ಹೇಳಿ.

ಬೆಂಕಿಗೆ ಮೊದಲು

ಹೂತದ್ದನ್ನು ಕೋರ್ಟ್ ಹೇಳಿದರೆ ಮತ್ತೆ ತೆಗೆಯಬಹುದು. ಸುಟ್ಟ ಮೇಲೆ ಪರೀಕ್ಷೆ ಮಾಡಲು ಏನೂ ಉಳಿಯುವುದಿಲ್ಲ. ಅದಕ್ಕೇ ಮರಣದ ದಾಖಲೆ, ಹತ್ತಿರದ ಸಂಬಂಧಿಯ ಲಿಖಿತ ಒಪ್ಪಿಗೆ, ಅನುಮಾನದ ಸಾವಾದರೆ ಅಧಿಕಾರಿಗಳ ಅನುಮತಿ, ಈ ಮೂರೂ ಕೈಯಲ್ಲಿ ಇಲ್ಲದೆ ಬರ್ನರ್ ಹಚ್ಚಬೇಡಿ. ಅಣ್ಣ ತಮ್ಮಂದಿರಲ್ಲಿ ಒಬ್ಬರು ಫೋನ್ ಮಾಡಿ "ಬೇಡ" ಅಂದರೂ ಸಾಕು, ನಿಲ್ಲಿಸಿ. ದೇಹ ಶೀತಲ ಕೋಣೆಯಲ್ಲಿ ಇರಲಿ, ಅವರು ಮಾತಾಡಿಕೊಳ್ಳಲಿ.

ಆಮೇಲೆ ಕೇಳಬೇಕಾದ್ದು ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ಸರಿಯಾಗಿಡಲು ಎದೆಯಲ್ಲಿ ಇಡುವ ಚಿಕ್ಕ ಯಂತ್ರ. ಅದರ ಲಿಥಿಯಂ ಬ್ಯಾಟರಿ ಬಿಸಿಗೆ ಸಿಡಿಯುತ್ತದೆ. 2002ರಲ್ಲಿ ಬ್ರಿಟನ್ನಿನ ಚಿತಾಗಾರಗಳನ್ನು ವಿಚಾರಿಸಿದಾಗ ಸುಮಾರು ಅರ್ಧದಷ್ಟು ಕಡೆ ಇಂಥ ಸ್ಫೋಟ ಆಗಿದ್ದು ಗೊತ್ತಾಯಿತು. ಬಾಗಿಲು, ಇಟ್ಟಿಗೆ ಹಾಳಾಗುತ್ತದೆ, ಮುಂದೆ ನಿಂತವರಿಗೂ ಅಪಾಯ. "ಪೇಸ್‌ಮೇಕರ್ ಇದೆಯಾ" ಅಂತ ಕೇಳಿದರೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. "ಎದೆಯ ಹತ್ತಿರ ಚರ್ಮದ ಕೆಳಗೆ ಏನಾದರೂ ಇಟ್ಟಿದ್ದರಾ" ಅಂತ ಕೇಳಿ. ಆಮೇಲೆ ನೀವೂ ಕೈಯಿಂದ ಮುಟ್ಟಿ ನೋಡಿ. ತೆಗೆಯುವುದು ತರಬೇತಿ ಆದವರ ಕೆಲಸ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಆಗಿದ್ದರೆ ಮೊದಲು ಅದನ್ನು ಆಫ್ ಮಾಡಿಸಬೇಕು, ಇಲ್ಲದಿದ್ದರೆ ತಂತಿ ಕತ್ತರಿಸುವವರಿಗೆ ಶಾಕ್ ಹೊಡೆಯುತ್ತದೆ.

ಈಚೆಗೆ ವಿಕಿರಣ ಔಷಧಿಯ ಚಿಕಿತ್ಸೆ ಆಗಿತ್ತಾ ಅಂತಲೂ ಕೇಳಿ. ಅಮೆರಿಕದ ಅರಿಜೋನಾದಲ್ಲಿ ಒಬ್ಬ ಕ್ಯಾನ್ಸರ್ ರೋಗಿಯ ದಹನದ ನಂತರ ಕುಲುಮೆಯಲ್ಲೂ ಮೂಳೆ ಪುಡಿ ಮಾಡುವ ಯಂತ್ರದಲ್ಲೂ ವಿಕಿರಣ ಸಿಕ್ಕ ವಿಷಯ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಹೌದು ಅಂದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯನ್ನು ವಿಚಾರಿಸಿಯೇ ಮುಂದುವರಿಯಿರಿ.

ಪೆಟ್ಟಿಗೆ ಸಾದಾ ಮರದ್ದೋ ರಟ್ಟಿನದ್ದೋ ಇರಲಿ. ಪಿವಿಸಿ ಪ್ಲಾಸ್ಟಿಕ್ಕಿನ ಹೊದಿಕೆ ಬೇಡವೇ ಬೇಡ, ಅದರ ಕ್ಲೋರಿನ್ ಹೊಗೆಯನ್ನು ವಿಷ ಮಾಡುತ್ತದೆ. ಮನೆಯವರು ಪ್ರೀತಿಯಿಂದ ಒಳಗೆ ಇಡುವ ಫೋನ್, ಗಾಜಿನ ಬಾಟಲಿ, ಲೈಟರ್ ಇವನ್ನೆಲ್ಲ ಮುಂಚೆಯೇ ಹೇಳಿ ತೆಗೆಸಿ. ಕೊನೇ ಗಳಿಗೆಯಲ್ಲಿ ತೆಗೆಯಲು ಹೋದರೆ ಅವರಿಗೂ ನೋವು, ನಿಮಗೂ ಮುಜುಗರ.

ದಿನದ ಸರದಿ

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿ. ಮೊದಲ ತಿಂಗಳು, ಬಂದ ಕ್ರಮದಲ್ಲೇ ದಹನ ಮಾಡುತ್ತಿದ್ದೆವು. ಒಂದು ದಿನ ಮೂರನೆಯದಾಗಿ ತುಂಬಾ ಭಾರದ ದೇಹ ಬಂತು. ಎರಡು ದಹನ ಮುಗಿಸಿ ಕುಲುಮೆ ಕೆಂಪಗೆ ಕಾದಿತ್ತು. ಬಾಗಿಲು ಹಾಕಿ ಹದಿನೈದು ನಿಮಿಷ ಆಗಿಲ್ಲ, ಚಿಮಣಿಯಿಂದ ದಟ್ಟ ಕಪ್ಪು ಹೊಗೆ. ಮೀಟರಿನ ಮುಳ್ಳು ಏರುತ್ತಲೇ ಇದೆ. ನಾನು ಗಾಬರಿಯಾಗಿ ಬಾಗಿಲು ತೆಗೆಯಲು ಹೋದೆ. ಆಪರೇಟರ್ ಅಣ್ಣ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು. ಮೊದಲ ಕೋಣೆಯ ಬರ್ನರ್ ಆರಿಸಿದರು, ಅದರ ಗಾಳಿ ಕಡಿಮೆ ಮಾಡಿದರು, ಎರಡನೆಯ ಕೋಣೆಯದನ್ನು ಹಾಗೇ ಬಿಟ್ಟರು. ಬಾಗಿಲು ತೆಗೆದಿದ್ದರೆ ಗಾಳಿ ನುಗ್ಗಿ ಉರಿ ನಮ್ಮ ಮುಖಕ್ಕೇ ಬರುತ್ತಿತ್ತು. ಹೊಗೆ ನಿಲ್ಲುವಷ್ಟರಲ್ಲಿ ಪಕ್ಕದವರ ಫೋನ್ ಬಂದಾಗಿತ್ತು.

ಕೊಬ್ಬು ಎಣ್ಣೆಯ ಹಾಗೆ ಉರಿಯುತ್ತದೆ. ಕಾದ ಕುಲುಮೆಯಲ್ಲಿ ಅದು ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಭಾರದ ದೇಹ ಯಾವಾಗಲೂ ದಿನದ ಮೊದಲನೆಯದು. ಎರಡನೆಯ ಕೋಣೆ ಕಾದಿರಬೇಕು, ಮೊದಲನೆಯದು ತಣ್ಣಗಿರಬೇಕು. ನಿಮ್ಮ ಯಂತ್ರ ಎಷ್ಟು ತೂಕದವರೆಗೆ ತಡೆಯುತ್ತದೆ ಅಂತ ಮಾರುವವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಶೀತಲ ಕೋಣೆ ಬೇಕು ಅಂದದ್ದು ಇದಕ್ಕೇ. ಸರದಿ ನಿಮ್ಮ ಕೈಯಲ್ಲಿ ಇರಬೇಕಾದರೆ ದೇಹ ಕಾಯುವ ಹಾಗಿರಬೇಕು. ಒಂದು ದಹನಕ್ಕೆ ಒಂದೂವರೆಯಿಂದ ಎರಡು ಗಂಟೆ, ಆಮೇಲೆ ಆರಿಸಿ ಎಳೆಯಲು ಇನ್ನಷ್ಟು ಹೊತ್ತು. ಮೂರು ದಿನ ಒಂದೊಂದು ಮಾಡುವುದಕ್ಕಿಂತ ಒಂದೇ ದಿನ ಮೂರು ಮಾಡಿದರೆ ಇಂಧನ ಉಳಿಯುತ್ತದೆ. ಕುಲುಮೆ ಬಿಸಿಯಾಗುವುದು, ಆರುವುದು ಕಡಿಮೆಯಾದಷ್ಟೂ ಇಟ್ಟಿಗೆಯೂ ಬಾಳುತ್ತದೆ. ಮನೆಯವರಿಗೆ ಗಂಟೆ ಹೇಳಬೇಡಿ, ದಿನ ಹೇಳಿ. ಎದುರಿಗೆ ನಿಂತು ನೋಡಬೇಕು ಅನ್ನುವವರಿಗೆ ಮಾತ್ರ ಸಮಯ ಕೊಡಿ, ಕೊಟ್ಟರೆ ತಪ್ಪಬೇಡಿ.

ಅಸ್ಥಿ

ಕುಲುಮೆಯಿಂದ ಬರುವುದು ಬೂದಿಯಲ್ಲ, ಬೆಳ್ಳಗಿನ ಮೂಳೆಯ ತುಂಡುಗಳು. ಆರಿದ ಮೇಲೆ ಅಯಸ್ಕಾಂತ ಆಡಿಸಿ ಮೊಳೆ, ಪಿನ್ನು ತೆಗೆಯುತ್ತೇವೆ. ಸೊಂಟದ, ಮೊಣಕಾಲಿನ ಕೃತಕ ಕೀಲು ಟೈಟಾನಿಯಂ ಆಗಿದ್ದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕೈಯಿಂದಲೇ ಆರಿಸಬೇಕು. ಈ ಲೋಹ ಏನಾಗಬೇಕು ಅಂತ ಒಪ್ಪಿಗೆ ಪತ್ರದಲ್ಲಿ ಕೇಳಿರಬೇಕು. ಆಮೇಲೆ ಪುಡಿ ಮಾಡುವ ಯಂತ್ರ. ಪ್ರತಿ ಸಲವೂ ಬ್ರಷ್ ಹಾಕಿ ಗುಡಿಸದೆ ಮುಂದಿನದನ್ನು ಹಾಕಬೇಡಿ.

ದೊಡ್ಡವರದ್ದು ಸಾಮಾನ್ಯವಾಗಿ 2ರಿಂದ 3 ಕಿಲೋ ಆಗುತ್ತದೆ. ದಪ್ಪ ಇದ್ದವರದ್ದು ಜಾಸ್ತಿ ಅಂತೇನಿಲ್ಲ, ಮೂಳೆಯ ಮೇಲೆ ಹೋಗುತ್ತದೆ. ನಾನು ಶುರುವಿನಲ್ಲಿ ಚೆಂದ ಕಂಡವು ಅಂತ ಚಿಕ್ಕ ಪಾತ್ರೆಗಳನ್ನು ತರಿಸಿದ್ದೆ. ಒಂದರಲ್ಲೂ ಪೂರ್ತಿ ಹಿಡಿಯಲಿಲ್ಲ. 3.3 ಲೀಟರಿನದ್ದು ಇಟ್ಟುಕೊಳ್ಳಿ, ಹೆಚ್ಚಿನವರಿಗೆ ಸಾಕಾಗುತ್ತದೆ.

ಹಸುಗೂಸುಗಳ ವಿಷಯ ಬೇರೆ. ಮೂಳೆ ಎಷ್ಟು ಎಳೆಯದು ಅಂದರೆ ಕೈಗೆ ಏನೂ ಸಿಗದೇ ಹೋಗಬಹುದು. ಚಿಕ್ಕ ಲೋಹದ ತಟ್ಟೆಯಲ್ಲಿಟ್ಟು, ತಣ್ಣನೆಯ ಕುಲುಮೆಯಲ್ಲಿ, ಕಡಿಮೆ ಗಾಳಿಯಲ್ಲಿ ಮಾಡುತ್ತೇವೆ. ಆದರೂ ತಂದೆ ತಾಯಿಗೆ ಮೊದಲೇ ಕೂರಿಸಿ ಹೇಳಬೇಕು. ಒಮ್ಮೆ ಅರ್ಧ ಚಮಚದಷ್ಟು ಸಿಕ್ಕಿತ್ತು. ಅದನ್ನು ಬಿಳಿ ಕಾಗದದ ಮೇಲೆ ಕೂಡಿಸಿ ಡಬ್ಬಿಗೆ ಹಾಕಲು ನಮ್ಮ ಆಪರೇಟರ್ ಅಣ್ಣ ಮುಕ್ಕಾಲು ಗಂಟೆ ತೆಗೆದುಕೊಂಡರು. ಫ್ಯಾನ್ ಆಫ್ ಮಾಡಿಸಿದ್ದರು, ಯಾರನ್ನೂ ಒಳಗೆ ಬಿಡಲಿಲ್ಲ.

ಕಪಾಟು

ಕೆಲವರು ಅಸ್ಥಿ ತೆಗೆದುಕೊಂಡು ಹೋಗಲು ಬರುವುದೇ ಇಲ್ಲ. ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಆಮೇಲೆ ಏನು ಮಾಡುತ್ತೀರಿ ಅನ್ನುವುದನ್ನು ಮೊದಲ ದಿನದ ಸಹಿಯಲ್ಲೇ ಸೇರಿಸಿ. ಸ್ಥಳೀಯ ಕಾನೂನಿನಲ್ಲಿ ಅವಧಿ ಇದ್ದರೆ ಅದೇ ನಿಮ್ಮ ಅವಧಿ. ಬೀಗ ಇರುವ ಕಪಾಟು ಇರಲಿ, ಬೀಗದ ಕೈ ಇಬ್ಬರ ಹತ್ತಿರ ಮಾತ್ರ. ನಮ್ಮ ಕಪಾಟಿನಲ್ಲಿ ಈಗ ನಾಲ್ಕು ಡಬ್ಬಿಗಳಿವೆ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಅವನ್ನು ಹೊರಗೆ ತೆಗೆದು, ಒರೆಸಿ, ಬಿಲ್ಲೆ ನಂಬರ್ ತಾಳೆ ನೋಡಿ, ಮನೆಯವರಿಗೆ ಇನ್ನೊಮ್ಮೆ ಫೋನ್ ಮಾಡುತ್ತೇವೆ.