ವರ್ಷಾನುಗಟ್ಟಲೆ ಸೇದಿದ ಸಿಗರೇಟನ್ನು ಬಿಡುವ ಬಗೆ

ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಲೋಕಲ್ ರೈಲು ಹಿಡಿಯುವ ಮುನ್ನ ಟಪರಿಯಲ್ಲಿ, ಅಂದರೆ ರಸ್ತೆಬದಿಯ ಗೂಡಂಗಡಿಯಲ್ಲಿ, ಅರ್ಧ ಲೋಟದ ಕಟಿಂಗ್ ಚಹಾದ ಜೊತೆ ಒಂದು ಸಿಗರೇಟು. ಹೋಟೆಲಿನಲ್ಲಿ ದುಡಿಯುವವರಾದರೆ ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಹಿಂಬಾಗಿಲಲ್ಲಿ ಒಂದು, ರಾತ್ರಿ ಶಟರ್ ಎಳೆದ ಮೇಲೆ ಇನ್ನೊಂದು. ಹುಡುಗರಾಗಿ ಮುಂಬಯಿಗೆ ಬಂದು ಈಗ ಐವತ್ತು ದಾಟಿರುವ ಎಷ್ಟೋ ಕನ್ನಡಿಗರ ದಿನಚರಿ ಇದು. ಇಂಥವರಿಗೆ ‘ಮನಸ್ಸು ಗಟ್ಟಿ ಮಾಡಿ ಬಿಟ್ಟುಬಿಡಿ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಮೆದುಳು ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್‌ಗೆ ಒಗ್ಗಿಹೋಗಿದೆ, ದಿನದ ಹೊತ್ತುಗಳೂ ಸಿಗರೇಟಿಗೆ ಅಂಟಿಕೊಂಡಿವೆ. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

ಮೊದಲ ವಾರ ಬರೆದಿಡಿ. ಪ್ರತಿ ಸಿಗರೇಟು ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ ಎಂದು ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದನ್ನು ಹಚ್ಚುವವರಾದರೆ ಅವಲಂಬನೆ ಹೆಚ್ಚಿದೆ ಎಂದರ್ಥ. ವೈದ್ಯರಿಗೆ ಇದನ್ನು ತಪ್ಪದೆ ಹೇಳಿ.

ನಂತರ ಎರಡು ವಾರದೊಳಗೆ ಸಿಗರೇಟು ಬಿಡಲು ಒಂದು ದಿನ ಗೊತ್ತುಮಾಡಿ. ಹಿಂದಿನ ರಾತ್ರಿಯೇ ಪ್ಯಾಕು, ಲೈಟರ್, ಬೂದಿ ತಟ್ಟೆ ಮನೆಯಿಂದ ಹೊರಹೋಗಲಿ. ಮನೆಯವರಿಗೂ ಜೊತೆಗೆ ಸೇದುವ ಗೆಳೆಯರಿಗೂ ತಿಳಿಸಿ. ಬಿಡಿ ಸಿಗರೇಟು ಮಾರುವುದನ್ನು ಮಹಾರಾಷ್ಟ್ರ 2020ರಲ್ಲಿ ನಿಷೇಧಿಸಿದರೂ ಅದು ಕೈಗೆ ಸಿಗುತ್ತಲೇ ಇದೆ. ಆದ್ದರಿಂದ ಕೆಲವು ವಾರ ಆ ಟಪರಿಯ ಕಡೆ ಸುಳಿಯದೆ ಸ್ಟೇಷನ್ನಿನ ಇನ್ನೊಂದು ದಾರಿ ಹಿಡಿಯಿರಿ.

ಔಷಧದ ನೆರವು ಪಡೆಯಲು ನಾಚಬೇಕಿಲ್ಲ. ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು ಸೇದುವ ಆಸೆ ತಗ್ಗಿಸುವ ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂ ಅಳತೆಯಲ್ಲಿ ಬರುತ್ತದೆ. ಯಾವುದು ಬೇಕೆಂದು ವೈದ್ಯರು ಹೇಳುತ್ತಾರೆ. ಹೃದ್ರೋಗಿಗಳು ಮತ್ತು ಗರ್ಭಿಣಿಯರು ಅವರನ್ನು ಕೇಳದೆ ಮುಟ್ಟಲೇಬಾರದು. ಬಹಳ ಜನ ಇದನ್ನು ಬಬಲ್‌ಗಮ್‌ನಂತೆ ಬಿಡದೆ ಜಗಿದು, ಬಿಕ್ಕಳಿಕೆ ಬಂತು, ಹೊಟ್ಟೆ ತೊಳಸಿತು ಎಂದು ಎರಡೇ ದಿನಕ್ಕೆ ಎಸೆಯುತ್ತಾರೆ. ಸರಿಯಾದ ಕ್ರಮ ಬೇರೆ. ನಿಧಾನವಾಗಿ ಜಗಿಯಿರಿ, ನಾಲಿಗೆಗೆ ಚುರುಚುರು ಎಂದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಿ. ಚುರುಚುರು ಇಳಿದಾಗ ಮತ್ತೆ ನಾಲ್ಕಾರು ಸಲ ಜಗಿದು ಇನ್ನೊಂದು ಬದಿಗೆ ಇಡಿ. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ನಿಕೋಟಿನ್ ರಕ್ತಕ್ಕೆ ಸೇರುವುದು ಬಾಯಿಯ ಒಳಪೊರೆಯಿಂದ. ಚಹಾ, ಕಾಫಿ, ನಿಂಬೆ ಶರಬತ್ತು ಅದಕ್ಕೆ ಅಡ್ಡಿ; ಹಾಗಾಗಿ ಕಾಲು ಗಂಟೆ ಮೊದಲಿನಿಂದಲೇ ಅವು ಬೇಡ. ಗಮ್ಮನ್ನೂ ಎರಡು ಮೂರು ತಿಂಗಳಲ್ಲಿ ಹಂತಹಂತವಾಗಿ ಇಳಿಸಬೇಕು.

ಹೋಟೆಲಿನವರು ಮುಖ್ಯವಾಗಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ತಂಬಾಕಿನ ಹೊಗೆ ಕೆಫೀನನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ. ಹೊಗೆ ನಿಂತಾಗ ಅಷ್ಟೇ ಕಾಫಿ ಹೆಚ್ಚು ಕೆಲಸ ಮಾಡುತ್ತದೆ. ಎದೆಬಡಿತ ಏರಿ, ನಿದ್ದೆ ಕೆಡುತ್ತದೆ. ಇದನ್ನು ಸಿಗರೇಟು ಬಿಟ್ಟ ಸಂಕಟವೆಂದೇ ತಿಳಿದು ಮತ್ತೆ ಹಚ್ಚುವವರಿದ್ದಾರೆ. ಕಾಫಿ, ಚಹಾವನ್ನು ಅರ್ಧಕ್ಕೆ ಇಳಿಸಿ.

ಮೊದಲ ಮೂರು ದಿನ ಕಠಿಣ. ಸಿಟ್ಟು, ಚಡಪಡಿಕೆ, ಹಸಿವು ಎಲ್ಲವೂ ಬರುತ್ತವೆ, ಕೆಲವು ವಾರಗಳಲ್ಲಿ ಇಳಿಯುತ್ತವೆ. ಸೇದಬೇಕೆಂಬ ಒತ್ತಡ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ಏಲಕ್ಕಿ ಬಾಯಿಗೆ ಹಾಕಿಕೊಳ್ಳಿ, ನೀರು ಕುಡಿಯಿರಿ, ಮನೆಗೆ ಫೋನ್ ಮಾಡಿ. ಸಿಗರೇಟಿನ ಬದಲಿಗೆ ಗುಟ್ಕಾ, ಅಡಿಕೆ-ತಂಬಾಕು ಬೆರೆಸಿದ ಮಾವಾ ಎಂದು ಹೋಗಬೇಡಿ; ಅದು ನೇರವಾಗಿ ಬಾಯಿಯ ಕ್ಯಾನ್ಸರಿನ ದಾರಿ. ಇ-ಸಿಗರೇಟು ಮಾರಾಟ ದೇಶದಲ್ಲಿ 2019ರಿಂದ ನಿಷಿದ್ಧ.

ಒಬ್ಬರಿಂದಲೇ ಆಗದಿದ್ದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಸಂಖ್ಯೆ ಸಿಗರೇಟು ಪ್ಯಾಕಿನ ಮೇಲೆಯೇ ಇದೆ. ಮುಂಬಯಿಯ ಟಾಟಾ ಮೆಮೋರಿಯಲ್, ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯಲ್ಲಿ ಕೈಜೋಡಿಸಿವೆ. ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಿ.

ನಡುವೆ ಎಂದಾದರೂ ಒಂದು ಸೇದಿದಿರಿ ಎನ್ನಿ. ಉಳಿದ ಪ್ಯಾಕನ್ನು ಅಲ್ಲೇ ಎಸೆದು, ಯಾವ ಹೊತ್ತಿನಲ್ಲಿ ಜಾರಿದಿರಿ ಎಂಬುದನ್ನು ಬರೆದಿಟ್ಟು, ಮರುದಿನ ಆ ಹೊತ್ತಿಗೆ ಬೇರೆ ಕೆಲಸ ಗೊತ್ತುಮಾಡಿಕೊಳ್ಳಿ.